ಇನ್ನೊಂದೇ ಒಂದು ಹೋಳಿಗೆ

ಹೈದರಾಬಾದಿನ ಕುಷಾಯಿಗೂಡದ ಪ್ರಾಣೇಶರಾಯರು ಐವತ್ತರ ಅಂಚಿಗೆ ಬಂದಿದ್ದರೂ ಈವರೆಗೆ ಒಂದು ಲೋಟ ನೀರನ್ನು ಸ್ವಂತ ಕೈಯಿಂದ ತುಂಬಿಕೊಂಡು ಕುಡಿದವರಲ್ಲ. ಇದು ದೂರಲ್ಲ, ಆ ಮನೆತನದ ಪದ್ಧತಿ. ಅವರ ಮುತ್ತಜ್ಜ ನಿಜಾಮರ ಕಾಲಕ್ಕೆ ರಾಯಚೂರಿನಿಂದ ಹೈದರಾಬಾದಿಗೆ ಬಂದು ಕಂದಾಯ ಕಚೇರಿಯ ಖುರ್ಚಿ ಹಿಡಿದರು. ಆಮೇಲೆ ಅಜ್ಜ ಹಿಡಿದರು, ಅಪ್ಪ ಹಿಡಿದರು. ಖುರ್ಚಿ ಹಿಡಿದ ಮೇಲೆ ಬೇರೆ ಏನನ್ನೂ ಹಿಡಿಯುವ ಪ್ರಸಂಗ ಆ ವಂಶದಲ್ಲಿ ಯಾರಿಗೂ ಬರಲಿಲ್ಲ. ಪ್ರಾಣೇಶರಾಯರೂ ಅಬಿಡ್ಸಿನ ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್. ಮದುವೆ ಆಗಿರಲಿಲ್ಲ. ಕನ್ಯೆ ನೋಡಲು ಹೋದ ಕಡೆಯಲ್ಲೆಲ್ಲ ಅವಲಕ್ಕಿ ಬಹಳ ರುಚಿಯಾಗಿತ್ತು ಎಂದು ಹೇಳಿ ಬರುತ್ತಿದ್ದರು. ಕನ್ಯೆ ಹೇಗಿದ್ದಳು ಎಂದು ಕೇಳಿದರೆ, ಅವಲಕ್ಕಿಗೆ ಹಸಿ ಕೊಬ್ಬರಿ ಹಾಕಿದ್ದರು ಎನ್ನುತ್ತಿದ್ದರು. ಹೀಗಾಗಿ ಆ ವಿಷಯ ಅಲ್ಲಿಗೇ ನಿಂತಿತು.

ಮನೆಯಲ್ಲಿ ತಾಯಿ ಗೋದಾಬಾಯಿ, ತಂಗಿ ಅಮಿತಾ, ಅಮಿತಾಳ ಮಗಳು ಮಧುರಾ. ಅಮಿತಾಳ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಂದಿನಿಂದ ಅವಳು ತವರಿನಲ್ಲೇ ಇದ್ದು ಉಪ್ಪಲ್‌ನ ಬ್ಯಾಂಕಿಗೆ ಹೋಗಿ ಬರುತ್ತಿದ್ದಳು. ಮಧುರಾಳನ್ನು ಸ್ಕೂಟರಿನ ಮೇಲೆ ಶಾಲೆಗೆ ಬಿಡುವುದು, ಅವಳಿಗೆ ಜ್ವರ ಬಂದರೆ ಕಚೇರಿಗೆ ರಜೆ ಹಾಕಿ ಮಂಚದ ಪಕ್ಕ ಕೂತು ಅವಳಿಗಿಂತ ಹೆಚ್ಚು ನರಳುವುದು, ಇವು ರಾಯರ ಪಾಲಿನ ಕೆಲಸಗಳು. ಹುಡುಗಿ ಐದನೆಯ ತರಗತಿ. ಮಾಮಾ ಎಂದರೆ ಅವಳಿಗೆ ಪ್ರಾಣ. ಮಾಮಾನ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಡಾಯಿ ಇರುತ್ತದೆ ಎಂಬುದೂ ಗೊತ್ತಿತ್ತು, ಆದರೂ ನಂಬುತ್ತಿದ್ದಳು.

ಯುಗಾದಿ ಹತ್ತಿರ ಬಂದಾಗ ಶಾಲೆಯ ಮುಖ್ಯಾಧ್ಯಾಪಕಿ ಸುಮತಿ ಮೇಡಂ ಒಂದು ಹೊಸ ಪದ್ಧತಿ ಶುರು ಮಾಡಿದರು. ಹಬ್ಬದ ಹಿಂದಿನ ದಿನ ಶಾಲೆಯ ಮೈದಾನದಲ್ಲಿ ಮಕ್ಕಳಿಗೆಲ್ಲ ಊಟ. ಅಡುಗೆ ಕೇಟರಿಂಗಿನವರದು, ಬಡಿಸುವವರು ಮಾತ್ರ ಮಕ್ಕಳ ಅಪ್ಪಂದಿರು. ತಾಯಂದಿರು ವರ್ಷವಿಡೀ ಬಗ್ಗಿ ಬಡಿಸುತ್ತಾರೆ, ಅಪ್ಪಂದಿರು ಒಂದು ದಿನ ಬಗ್ಗಲಿ ಎಂಬುದು ಮೇಡಂ ಅವರ ವಿಚಾರ. ಅಪ್ಪ ಇಲ್ಲದ ಮಕ್ಕಳಿಗೆ ನೋವಾಗಬಾರದೆಂದು, ಅಪ್ಪನ ಜಾಗದಲ್ಲಿ ಇರುವವರೂ ಬರಬಹುದು ಎಂದು ಹೇಳಿ ಕಳಿಸಿದ್ದರು.

ಈ ಕೊನೆಯ ಮಾತಿನಿಂದಲೇ ಜಗಳ ಹುಟ್ಟಿತು. ಮಧುರಾಳ ತರಗತಿಯಲ್ಲಿ ಪ್ರಜ್ವಲ ಎಂಬ ಹುಡುಗ. ಮೈಸೂರಿನಿಂದ ಬಂದು ಅದೇ ಗಲ್ಲಿಯ ಅಪಾರ್ಟ್‌ಮೆಂಟಿನಲ್ಲಿ ನೆಲೆಸಿದ ಸಾಫ್ಟ್‌ವೇರ್ ಎಂಜಿನಿಯರ್ ಪದ್ಮನಾಭನ ಮಗ. ಅಪ್ಪ ಬೇರೆ, ಅಪ್ಪನ ಜಾಗದಲ್ಲಿ ಇರುವವರು ಬೇರೆ, ಮಾಮಾ ಲೆಕ್ಕಕ್ಕೇ ಬರುವುದಿಲ್ಲ ಎಂದು ಅವನು ಇಡೀ ತರಗತಿಯ ಮುಂದೆ ತೀರ್ಪು ಕೊಟ್ಟ. ಮಧುರಾ ಸುಮ್ಮನೆ ಕೇಳಿಸಿಕೊಳ್ಳುವ ಹುಡುಗಿಯಲ್ಲ. ನಮ್ಮ ಮಾಮಾ ನಿಮ್ಮೆಲ್ಲರ ಅಪ್ಪಂದಿರಿಗಿಂತ ಚೆನ್ನಾಗಿ ಬಡಿಸುತ್ತಾನೆ, ನೋಡುತ್ತಿರು ಎಂದು ಸವಾಲು ಹಾಕಿದಳು. ಮನೆಗೆ ಬಂದವಳು ಬೂಟು ಕೂಡ ಬಿಚ್ಚದೆ ಮಾಮಾನ ಪೇಪರಿನ ಎದುರು ನಿಂತಳು.

“ಮಾಮಾ, ನೀ ಬರಬೇಕು. ನಮ್ಮ ಸಾಲಿಗೆ ಹೋಳಿಗಿ ನೀನೇ ಬಡಸಬೇಕು. ಪ್ರಜ್ವಲನ ಎಲಿಗೂ ನೀನೇ ಬಡಸಬೇಕು. ಮತ್ತೇನೂ ಬ್ಯಾಡ ನನಗ.”

“ಅಷ್ಟೇ ಏನವಾ?” ಎಂದು ರಾಯರು ಪೇಪರು ಮಡಚಿದರು. “ಮಠದ ಆರಾಧನ್ಯಾಗ ಸಾವಿರ ಮಂದಿಗೆ ಬಡಸಿದ ಕೈ ಇದು.”

ಅಡುಗೆಮನೆಯಲ್ಲಿ ಅಮಿತಾಳಿಗೆ ಕೆಮ್ಮು ಬಂತು. ಆರಾಧನೆಯ ಸಂಗತಿ ಪೂರ್ತಿ ಸುಳ್ಳಲ್ಲ. ಕಾಲೇಜಿನಲ್ಲಿದ್ದಾಗ ರಾಯರ ಕೈಗೆ ಮಠದಲ್ಲಿ ಒಮ್ಮೆ ಉಪ್ಪಿನ ಬಟ್ಟಲು ಕೊಟ್ಟಿದ್ದು ನಿಜ. ಅವರು ಒಂದು ಸಾಲಿಗೆ ಉಪ್ಪು ಬಡಿಸುತ್ತ ಹೋದರು. ಕೊನೆ ಮುಟ್ಟಿದ ಮೇಲೆ ಯಾವ ತುದಿಯಿಂದ ಶುರು ಮಾಡಿದ್ದೆ ಎಂಬುದು ಮರೆತು, ಅದೇ ಸಾಲಿಗೆ ತಿರುಗಿ ಉಪ್ಪು ಬಡಿಸುತ್ತ ಬಂದರು. ಆಗ ಹಿರಿಯರೊಬ್ಬರು ಬಟ್ಟಲು ಕಸಿದುಕೊಂಡು, ನೀ ಊಟಕ್ಕ ಕೂಡಪಾ ಎಂದು ಮರ್ಯಾದೆಯಿಂದ ಕೂಡಿಸಿದ್ದರು. ಆ ಮರ್ಯಾದೆ ವರ್ಷ ಕಳೆದಂತೆ ರಾಯರ ಬಾಯಲ್ಲಿ ಬೆಳೆದು ಸಾವಿರ ಮಂದಿಯ ಪಂಕ್ತಿಯಾಗಿತ್ತು.

ಶನಿವಾರ ಶಾಲೆಯಲ್ಲಿ ಅಪ್ಪಂದಿರ ಸಭೆ ಸೇರಿತು. ಮುಂದಾಳತ್ವ ಪದ್ಮನಾಭನದು. ಅವನು ಲ್ಯಾಪ್‌ಟಾಪ್ ತೆರೆದು ಯಾವ ಸಾಲಿಗೆ ಯಾರು, ಯಾವ ಪಾತ್ರೆ ಎಲ್ಲಿ, ಎಲ್ಲವನ್ನೂ ಬಣ್ಣ ಬಣ್ಣದ ಚೌಕಗಳಲ್ಲಿ ತೋರಿಸಿದ. ಒಂದೊಂದು ಮಗುವಿಗೆ ಎರಡು ಹೋಳಿಗೆ, ಒಂದು ಸೌಟು ಪುಳಿಯೋಗರೆ. ಅಪ್ಪಂದಿರು ತಲೆ ಆಡಿಸಿದರು. ನೀರು ಕೊಡುವ ಕೆಲಸಕ್ಕೆ ಬಹಳ ಜನ ಮುಂದೆ ಬಂದರು, ಏಕೆಂದರೆ ಅದಕ್ಕೆ ಹೆಚ್ಚು ಬಗ್ಗಬೇಕಾಗಿಲ್ಲ. ಆಗ ಪ್ರಾಣೇಶರಾಯರು ಎದ್ದು ನಿಂತರು.

“ಊಟ ಅಂದ್ರ ರೇಷನ್ ಅಲ್ಲರಿ,” ಎಂದು ಶುರು ಮಾಡಿದವರು ಪಂಕ್ತಿ ಎಂದರೇನು, ಅತಿಥಿ ಎಂದರೇನು, ಬಡಿಸುವವನ ಬೆನ್ನು ಎಷ್ಟು ಬಗ್ಗಬೇಕು, ಮುಖದಲ್ಲಿ ಎಷ್ಟು ನಗೆ ಇರಬೇಕು ಎಂಬುದನ್ನೆಲ್ಲ ವಿವರಿಸಿದರು. ಮಧ್ಯೆ ಮಧ್ಯೆ ಆರಾಧನೆಯ ಸಾವಿರ ಮಂದಿ ಬಂದು ಹೋದರು. ತೆಲುಗು ಅಪ್ಪಂದಿರಿಗೆ ಅರ್ಥವಾಗಲೆಂದು ಅದನ್ನೇ ತೆಲುಗಿನಲ್ಲೂ, ಉಳಿದವರಿಗೆ ಹಿಂದಿಯಲ್ಲೂ ಹೇಳಿದರು. ಮೂರು ಭಾಷೆ ಮುಗಿಯುವಷ್ಟರಲ್ಲಿ ಎಲ್ಲರೂ ದಣಿದಿದ್ದರು.

ಪದ್ಮನಾಭ ಲ್ಯಾಪ್‌ಟಾಪ್ ಮುಚ್ಚಿದ. “ಸರ್, ನಿಮಗೆ ಇಷ್ಟೊಂದು ಅನುಭವ ಇದೆ ಅಂದ್ಮೇಲೆ ಹೋಳಿಗೆ ನೀವೇ ತಗೊಳ್ಳಿ. ಒಬ್ಬರಿಗೆ ಎರಡೇ ಅನ್ನೋದೊಂದು ನೆನಪಿಟ್ಕೊಂಡ್ರೆ ಸಾಕು.”

“ಆಗಲಿ,” ಎಂದರು ರಾಯರು. ಸರ್ಕಾರಿ ಕಚೇರಿಯಲ್ಲಿ ‘ಆಗಲಿ’ ಎಂದರೆ ಆಗುತ್ತದೆ ಎಂದು ಅರ್ಥವಲ್ಲ. ಪಾಪ, ಪದ್ಮನಾಭ ಖಾಸಗಿ ಕಂಪನಿಯವನು, ಅವನಿಗೆ ಅದು ಗೊತ್ತಿರಲಿಲ್ಲ.

ಭಾನುವಾರ ಮನೆಯಲ್ಲಿ ತಾಲೀಮು ನಡೆಯಿತು. ಗೋದಾಬಾಯಿ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಅತಿಥಿಯಾಗಿ ಕೂತರು. ಹೋಳಿಗೆಯ ಬದಲಿಗೆ ಬೆಳಗಿನ ಚಪಾತಿ. ರಾಯರು ಡಬ್ಬಿ ಹಿಡಿದು ಬಂದು, ಬಗ್ಗಿ, ತಾಯಿಯ ತಾಟಿಗೆ ಎರಡು ಹಾಕಿ ಮುಂದೆ ಹೊರಟರು. ಗೋದಾಬಾಯಿ ಅವರ ಧೋತರದ ಚುಂಗು ಹಿಡಿದು ಎಳೆದರು.

“ಎಲ್ಲಿಗೆ ಹೊಂಟಿ?”

“ಎರಡು ಹಾಕಿದೆನಲ್ಲ.”

“ಹಾಕಿ ಹೋಗಲಿಕ್ಕೆ ನೀ ಏನು ಟಪಾಲಿನವನೇನು?” ಎಂದು ಗೋದಾಬಾಯಿ ಮಗನನ್ನು ಎದುರಿಗೆ ಕೂಡಿಸಿಕೊಂಡರು. “ನೋಡಪಾ, ಒಳ್ಳೆ ಮನಿತನದವರು ಬೇಕು ಅಂತ ಬಾಯಿ ಬಿಟ್ಟು ಹೇಳೂದಿಲ್ಲ. ಸಾಕು ಅಂದ್ರ ನಾಚ್ಕೊಳ್ಳಿಕ್ಕತ್ತಾರ ಅಂತ ತಿಳಿ. ಎಲಿ ಮ್ಯಾಲೆ ಕೈ ಅಡ್ಡ ಹಿಡದ್ರ ಇನ್ನೊಂದು ಬೇಕಂತ ತಿಳಿ. ಎಲಿ ಮ್ಯಾಲೆ ಪೂರಾ ಮೈ ಬಗ್ಗಿಸಿ ಅಡ್ಡ ಬಿದ್ರ, ಆವಾಗ ಖರೇನ ಬ್ಯಾಡಂತ ತಿಳಿ. ಅಲ್ಲೀ ತನಕ ಬಿಡಬ್ಯಾಡ.”

ಇದು ಆ ಮನೆಯ ಶಾಸ್ತ್ರ. ಒತ್ತಾಯ ಮಾಡದೆ ಬಡಿಸಿದ ಊಟ ಅವರ ಲೆಕ್ಕದಲ್ಲಿ ಊಟವೇ ಅಲ್ಲ. ಗೋದಾಬಾಯಿಯ ತವರಿನಲ್ಲಿ ಬೀಗರೊಬ್ಬರಿಗೆ ಎರಡು ಸಲ ಮಾತ್ರ ಒತ್ತಾಯ ಮಾಡಿದ್ದಕ್ಕೆ ಎರಡು ಮನೆಗಳ ನಡುವೆ ಮಾತು ನಿಂತಿತ್ತಂತೆ. ರಾಯರಿಗೆ ಈ ಶಾಸ್ತ್ರ ತಿನ್ನುವ ಕಡೆಯಿಂದ ಚೆನ್ನಾಗಿ ಗೊತ್ತಿತ್ತು, ಬಡಿಸುವ ಕಡೆಯಿಂದ ಈಗ ತಿಳಿಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಹಂಪಮ್ಮ ನಾಲ್ಕೆಲೆ ಕರಿಬೇವು ಕೇಳಲು ಬಂದರು. ಗೋದಾಬಾಯಿ ಅವರನ್ನು ಕೈಹಿಡಿದು ಚಾಪೆಯ ಮೇಲೆ ಕೂಡಿಸಿದರು. ತಾಲೀಮಿಗೆ ಮನೆಯವರಿಗಿಂತ ಹೊರಗಿನವರು ಉತ್ತಮ. ಹಂಪಮ್ಮ ಆಗತಾನೆ ಊಟ ಮುಗಿಸಿ ಬಂದಿದ್ದರು, ಹಾಗೆಂದು ಹೇಳಿಯೂ ಹೇಳಿದರು. ರಾಯರು ಒಂದು ಚಪಾತಿ ಬಡಿಸಿದರು. ಹೊಟ್ಟೆ ಬಿರಿಯುವ ಹಾಗೆ ತುಂಬಿದೆ ಎಂದರು ಹಂಪಮ್ಮ. ಇನ್ನೊಂದು ಬಿತ್ತು. ಕೈ ಅಡ್ಡ ಹಿಡಿದರು, ರಾಯರು ತಾಯಿಯ ಕಡೆ ನೋಡಿ, ತಾಯಿ ಕಣ್ಣಲ್ಲೇ ಒಪ್ಪಿಗೆ ಕೊಟ್ಟ ಮೇಲೆ ಮತ್ತೊಂದು ಬಡಿಸಿದರು. ಕೊನೆಗೆ ಹಂಪಮ್ಮ ಸೆರಗು ಹರಡಿ ತಾಟಿನ ಮೇಲೆ ಅಡ್ಡ ಬಿದ್ದರು.

“ಬಿಡ್ರಿ ಯಪ್ಪಾ. ಕರಿಬೇವೂ ಬ್ಯಾಡ ನನಗ, ಮನ್ಯಾಗ ಐತಿ,” ಎಂದು ಅವರು ಎದ್ದು ಹೋದರು. ಮಗ ತೇರ್ಗಡೆಯಾದ ಎಂದು ಗೋದಾಬಾಯಿ ಸಾರಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಧುರಾ ಚಪ್ಪಾಳೆ ತಟ್ಟಿದಳು. ಅಮಿತಾ ಮಾತ್ರ, ಅಣ್ಣಾ, ಅಲ್ಲಿ ಇರೋವು ಸಣ್ಣ ಮಕ್ಕಳು, ಅವುಕ್ಕ ಈ ಶಾಸ್ತ್ರ ಗೊತ್ತಿಲ್ಲ ಎಂದು ಏನೋ ಹೇಳಲು ಹೊರಟಳು. ಗೆದ್ದವರ ಕಿವಿಗೆ ಇಂಥ ಮಾತು ಬೀಳುವುದಿಲ್ಲ.

ಆ ದಿನ ಬಂತು. ಉಳಿದ ಅಪ್ಪಂದಿರೆಲ್ಲ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಬಂದಿದ್ದರು. ಪ್ರಾಣೇಶರಾಯರು ಕಚ್ಚೆ ಹಾಕಿ ಧೋತರ ಉಟ್ಟು, ಶಲ್ಯವನ್ನು ಸೊಂಟಕ್ಕೆ ಬಿಗಿದು, ಬರಿಗಾಲಲ್ಲಿ ಹೋದರು. ಗೇಟಿನ ಕಾವಲುಗಾರ ಇವರನ್ನು ಅಡುಗೆಯ ಮೇಸ್ತ್ರಿ ಎಂದು ತಿಳಿದು, ಹಿಂದಿನ ಬಾಗಿಲಿನಿಂದ ಹೋಗಿ ಎಂದ. ಮೈದಾನಕ್ಕೆ ಅದೂ ಒಂದು ದಾರಿಯೇ ಇರಬೇಕು ಎಂದುಕೊಂಡು ರಾಯರು ಹೋದರು. ಅಲ್ಲಿ ಕೇಟರಿಂಗಿನ ಆಳುಗಳು ಧೋತರ ನೋಡಿ ಎದ್ದು ನಿಂತರು. ಮಾಲೀಕರು ಯಾರೋ ದೊಡ್ಡವರನ್ನು ಕಳಿಸಿದ್ದಾರೆ ಎಂದುಕೊಂಡು ಹೋಳಿಗೆಯ ಪಾತ್ರೆಗಳನ್ನೆಲ್ಲ ಅವರ ವಶಕ್ಕೆ ಕೊಟ್ಟರು. ತೆಲಂಗಾಣದವರು ಹೋಳಿಗೆಗೆ ಭಕ್ಷಾಲು ಎನ್ನುತ್ತಾರೆ. ಹೆಸರು ಏನಾದರೇನು, ಮೇಲೆ ಸುರಿದ ತುಪ್ಪ ಒಂದೇ. ಒಂದೊಂದು ಸಾಲಿಗೆ ಒಂದೊಂದು ಪಾತ್ರೆ ಎಂದು ಪದ್ಮನಾಭ ಮಾಡಿದ್ದ ಏರ್ಪಾಡು ಹೀಗೆ ಹಿಂದಿನ ಬಾಗಿಲಲ್ಲೇ ಮುಗಿದುಹೋಯಿತು.

ಮೈದಾನದಲ್ಲಿ ಶಾಮಿಯಾನದ ಕೆಳಗೆ ಮಕ್ಕಳು ಸಾಲಾಗಿ ಕೂತಿದ್ದರು. ಎದುರಿಗೆ ಮುತ್ತುಗದ ಎಲೆಯ ಪತ್ರಾವಳಿಗಳು. ತೀರ ಸಣ್ಣವರು ಎಲ್ಲಕ್ಕಿಂತ ಮುಂದೆ, ಐದನೆಯ ತರಗತಿಯವರು ಎಲ್ಲಕ್ಕಿಂತ ಹಿಂದೆ. ಪಕ್ಕದ ಮೇಜಿನಲ್ಲಿ ಅತಿಥಿಗಳು. ಕೊನೆಯ ಸಾಲಿನಿಂದ ಮಧುರಾ ಮಾಮಾನನ್ನು ಕಂಡು ಕೈಯೆತ್ತಿದಳು. ಪಕ್ಕದಲ್ಲಿ ಪ್ರಜ್ವಲ ಕೂತಿದ್ದ. ರಾಯರು ಬಂದೆ ಎಂಬಂತೆ ತಲೆ ಆಡಿಸಿ ಮೊದಲ ಸಾಲಿನಿಂದ ಶುರು ಮಾಡಿದರು. ಪಂಕ್ತಿಯಲ್ಲಿ ಸ್ವಂತದವರಿಗೆ ಮೊದಲು ಬಡಿಸಬಾರದು, ಅದೂ ಶಾಸ್ತ್ರ.

ಮೊದಲ ಎಲೆಯ ಮುಂದೆ ಕೂತವಳು ದೀಪ್ತಿ ಎಂಬ ಪುಟ್ಟ ಹುಡುಗಿ, ಇನ್ನೂ ಒಂದನೆಯ ತರಗತಿ. ರಾಯರು ಎರಡು ಹೋಳಿಗೆ ಬಡಿಸಿದರು. ಮೂರನೆಯದಕ್ಕೆ ಕೈ ಹಾಕಿದಾಗ ಅವಳು ತೆಲುಗಿನಲ್ಲಿ ‘ವದ್ದು ಅಂಕಲ್’ ಎಂದಳು. ಬೇಡ ಎಂದರ್ಥ. ಇಷ್ಟು ಸಣ್ಣ ವಯಸ್ಸಿಗೇ ಎಂಥ ಸಂಸ್ಕಾರ ಎಂದು ರಾಯರ ಮನಸ್ಸು ತುಂಬಿ ಬಂತು. ಸಣ್ಣಗೆ ಕೆಮ್ಮಿ, ಅಜ್ಜಿಯ ಹೆಸರಿನಲ್ಲಿ ಒಂದು ಎಂದು ತಮ್ಮ ಮುರುಕು ತೆಲುಗಿನಲ್ಲಿ ಹೇಳಿ ಬಡಿಸಿದರು. ಅವಳು ಕೈ ಅಡ್ಡ ಹಿಡಿದಳು. ಅಮ್ಮನ ಹೆಸರಿನಲ್ಲಿ ಒಂದು ಬಿತ್ತು. ಅವಳು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಅದು ಸಂತೋಷ ಎಂದು ರಾಯರಿಗೆ ಖಾತ್ರಿಯಾಯಿತು.

ಅಲ್ಲಿಂದ ಮುಂದೆ ಅವರನ್ನು ತಡೆಯುವವರೇ ಇರಲಿಲ್ಲ. ಟೀಚರ ಹೆಸರಿನಲ್ಲಿ ಒಂದು, ಚಂದಮಾಮನ ಹೆಸರಿನಲ್ಲಿ ಒಂದು, ನಾಳಿನ ಹಬ್ಬದ ಹೆಸರಿನಲ್ಲಿ ಒಂದು. ಒಬ್ಬ ಹುಡುಗ ಬಂದ ಹೋಳಿಗೆಯನ್ನೆಲ್ಲ ಎಲೆಯ ಕೆಳಗೆ ಬಚ್ಚಿಟ್ಟ. ಎಲೆ ಖಾಲಿ ಕಂಡು ರಾಯರು, ಶಹಬ್ಬಾಸ್ ಎಂದು ಮತ್ತೆ ಮೊದಲಿನಿಂದ ಬಡಿಸಿದರು. ಇನ್ನೊಬ್ಬ ಅಳಲು ಶುರು ಮಾಡಿದ. ಸಂಕೋಚಕ್ಕೆ ಅಳುವವರನ್ನು ರಾಯರು ಅಂದೇ ಮೊದಲು ಕಂಡದ್ದು, ಅವನಿಗೆ ಒಂದು ಹೆಚ್ಚೇ ಹಾಕಿದರು. ಶಾಸ್ತ್ರದ ಪ್ರಕಾರ ಎಲೆಯ ಮೇಲೆ ಅಡ್ಡ ಬೀಳುವುದೊಂದೇ ದಾರಿ ಎಂಬುದು ಆ ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನಡುವೆ ಅತಿಥಿಗಳ ಮೇಜು ಬಂತು. ಅಲ್ಲಿ ವಿದ್ಯಾ ಇಲಾಖೆಯ ಅಧಿಕಾರಿ ಯಾದಗಿರಿ ಸಾಹೇಬರು ಸುಮತಿ ಮೇಡಂ ಪಕ್ಕದಲ್ಲಿ ಕೂತಿದ್ದರು. ತಮಗೆ ಸಕ್ಕರೆ ಕಾಯಿಲೆ, ಸಿಹಿ ಮುಟ್ಟುವುದಿಲ್ಲ ಎಂದು ಅವರು ಮೊದಲೇ ಹೇಳಿದರು. ಇದು ರಾಯರಿಗೆ ಪರಿಚಿತ ಕ್ಷೇತ್ರ. ಸಾಹೇಬರಾದವರು ಮೊದಲ ಸಲ ಚಹಾ ಕೂಡ ಒಪ್ಪುವುದಿಲ್ಲ ಎಂಬುದನ್ನು ಇಡೀ ನೌಕರಿಯಲ್ಲಿ ನೋಡಿದ್ದರು. ಅರ್ಧ ಹಾಕುತ್ತೇನೆ ಎಂದು ಒಂದು ಹಾಕಿದರು. ಸಾಹೇಬರು ಸುತ್ತ ನೋಡಿ ತಿಂದರು. ಇಲಾಖೆಯ ಹೆಸರಿನಲ್ಲಿ ಇನ್ನೊಂದು ಹಾಕಿದರು, ಅದನ್ನೂ ತಿಂದರು. ಆಮೇಲೆ ಸಾಹೇಬರು ಬೇಡ ಎನ್ನುವುದನ್ನು ಬಿಟ್ಟು, ತುಪ್ಪ ಇದೆಯೇ ಎಂದು ಕೇಳಿದರು. ಮನೆಯಲ್ಲಿ ಇಷ್ಟು ಪ್ರೀತಿಯಿಂದ ಯಾರೂ ಒತ್ತಾಯ ಮಾಡುವುದಿಲ್ಲ ಎಂದೂ ಅಂದರು. ಸುಮತಿ ಮೇಡಂ ಮುಖ ಮಾತ್ರ ಬಿಗಿದುಕೊಳ್ಳುತ್ತಿತ್ತು.

ಆಗ ಪದ್ಮನಾಭ ಏದುಸಿರು ಬಿಡುತ್ತ ಓಡಿ ಬಂದ. “ಸರ್, ಐದನೇ ಕ್ಲಾಸಿಗೆ ಇನ್ನೂ ಹೋಳಿಗೆ ಬಂದಿಲ್ಲ.”

“ಅಲ್ಲಿಗೇ ಹೊಂಟೀನ್ರಿ,” ಎಂದು ರಾಯರು ಪಾತ್ರೆಗೆ ಕೈ ಹಾಕಿದರು. ಕೈಗೆ ತುಪ್ಪ ಮಾತ್ರ ಹತ್ತಿತು. ಹಿಂದಿನ ಬಾಗಿಲಿಗೆ ಹೋದರು. ಅಲ್ಲಿ ಆಳುಗಳು ಖಾಲಿ ಪಾತ್ರೆಗಳನ್ನು ಬೋರಲು ಹಾಕಿ ತೋರಿಸಿ, ಖತಂ ಸಾರ್ ಎಂದರು.

ರಾಯರು ಖಾಲಿ ಪಾತ್ರೆ ಹಿಡಿದುಕೊಂಡೇ ಕೊನೆಯ ಸಾಲಿಗೆ ಬಂದರು. ಬರದೆ ಇರಲು ಆಗಲಿಲ್ಲ. ಮಧುರಾಳ ಎಲೆಯಲ್ಲಿ ಪುಳಿಯೋಗರೆ ಇತ್ತು. ಹೋಳಿಗೆಗೆಂದು ಒಂದು ಮೂಲೆಯನ್ನು ಚೊಕ್ಕವಾಗಿ ಖಾಲಿ ಬಿಟ್ಟುಕೊಂಡಿದ್ದಳು. ಪಾತ್ರೆಯೊಳಗೆ ಇಣುಕಿ ನೋಡಿದವನು ಪ್ರಜ್ವಲ. ನೋಡಿ, ಏನೂ ಹೇಳದೆ ಮಧುರಾಳ ಕಡೆ ತಿರುಗಿದ. ಹೇಳಿದ್ದರೇ ಚೆನ್ನಾಗಿತ್ತು.

“ಎಲ್ಲಿ ಹೋದ್ವು ಸರ್ ಅಷ್ಟೂ?” ಎಂದು ಪದ್ಮನಾಭ ಕೇಳಿದ.

“ಉಂಡಾರ್ರಿ ಮಕ್ಕಳು,” ಎಂದು ರಾಯರು ಮುಂದಿನ ಸಾಲುಗಳ ಕಡೆ ಕೈ ತೋರಿಸಿದರು. ತೋರಿಸಿದ ಮೇಲೆ ತಾವೂ ನೋಡಿದರು. ಒಂದೊಂದು ಎಲೆಯ ಮೇಲೂ ಹೋಳಿಗೆಯ ರಾಶಿ, ರಾಶಿಯ ಹಿಂದೆ ಒಂದೊಂದು ಮಗು. ಒಬ್ಬರೂ ಎರಡು ದಾಟಿರಲಿಲ್ಲ.

ಸುಮತಿ ಮೇಡಂ ಎದ್ದು ಮೈಕಿನ ಹತ್ತಿರ ಹೋದರು. ಕೊನೆಯ ಸಾಲುಗಳ ಮಕ್ಕಳಿಗೆ ಹಬ್ಬದ ಸಿಹಿ ಇಲ್ಲವಾಗಿದೆ, ಹೇಳಿದ ಮಾತು ಕೇಳದ ತಂದೆಯೊಬ್ಬರಿಂದ ಹೀಗಾಯಿತು ಎಂದರು. ಸಿಟ್ಟಿನಲ್ಲಿ ಅವರಿಗೆ ರಾಯರ ಹೆಸರು ನೆನಪಾಗಲಿಲ್ಲ. ಧೋತರದ ಕಡೆ ಬೆರಳು ಮಾಡಿ ಮೈಕಿನಲ್ಲೇ ಕೇಳಿದರು, ಇವರು ಯಾವ ಮಗುವಿನ ತಂದೆ?

ಟೀ ಶರ್ಟಿನ ಅಪ್ಪಂದಿರಲ್ಲಿ ಯಾರೋ ನಕ್ಕರು. ರಾಯರು ಯಾರ ತಂದೆಯೂ ಅಲ್ಲ. ಮಧುರಾ ತಲೆ ತಗ್ಗಿಸಿ ಕೂತರೆ ಸಾಕು, ಅವಮಾನವೆಲ್ಲ ಅವರೊಬ್ಬರ ಪಾಲಿಗೆ ಬಂದು ಅಲ್ಲಿಗೇ ಮುಗಿಯುತ್ತಿತ್ತು. ಮಾಮಾ ಲೆಕ್ಕಕ್ಕೆ ಬರುವುದಿಲ್ಲ ಎಂಬ ತೀರ್ಪು ಕೊಟ್ಟವನು ಪಕ್ಕದಲ್ಲೇ ಇದ್ದ. ಏಳಬ್ಯಾಡ ನನ್ನವ್ವಾ ಎಂದು ರಾಯರು ಮನಸ್ಸಿನಲ್ಲೇ ಬೇಡಿಕೊಂಡರು.

ಮಧುರಾ ಎದ್ದು ನಿಂತಳು.

“ನನ್ನವರು, ಮೇಡಂ.”

ಅಷ್ಟೇ ಹೇಳಿದಳು. ತಂದೆ ಎನ್ನಲಿಲ್ಲ, ಮಾಮಾ ಎನ್ನಲಿಲ್ಲ. ಲಂಗದ ಮಣ್ಣು ಝಾಡಿಸಿ ಮತ್ತೆ ಕೂತಳು. ಪ್ರಜ್ವಲ ತನ್ನ ಎಲೆಯನ್ನೇ ನೋಡತೊಡಗಿದ.

ಪ್ರಾಣೇಶರಾಯರಿಗೆ ಹೋದ ಜೀವ ಬಂದಂತಾಯಿತು. ಜೀವದ ಜೊತೆ ಬುದ್ಧಿಯೂ ಬಂತು. ಇಷ್ಟು ಹೊತ್ತು ಅದು ಎಲ್ಲಿ ಹೋಗಿತ್ತು ಎಂದು ಕೇಳುವ ಹಾಗಿಲ್ಲ. ಅವರು ಶಲ್ಯ ಬಿಗಿದು ನೇರ ಮೈಕಿನ ಕಡೆ ನಡೆದರು. ಮೇಡಂ ಅವರ ಅನುಮತಿ ಕೇಳಲಿಲ್ಲ. ಕೇಳಿದ್ದರೆ ಸಿಗುತ್ತಿರಲಿಲ್ಲ.

ಇಷ್ಟು ಹೊತ್ತು ನಡೆದದ್ದು ಮೊದಲ ಪಂಕ್ತಿ, ಈಗ ಎರಡನೆಯದು ಎಂದು ಅವರು ಸಾರಿದರು, ಮೊದಲಿನಿಂದಲೂ ಇದೇ ಏರ್ಪಾಡು ಎಂಬ ಧಾಟಿಯಲ್ಲಿ. ಮೊದಲ ಪಂಕ್ತಿಯಲ್ಲಿ ಉಂಡವರು ಈಗ ಮನೆಯ ಯಜಮಾನರು. ಹಿಂದಿನ ಸಾಲಿನ ಅಣ್ಣಂದಿರು, ಅಕ್ಕಂದಿರು ಅವರ ಅತಿಥಿಗಳು. ಒಬ್ಬೊಬ್ಬ ದೊಡ್ಡವರು ಒಬ್ಬೊಬ್ಬ ಸಣ್ಣವರ ಎದುರು ಎಲೆ ಹಿಡಿದು ಬಂದು ಕೂಡಬೇಕು, ಸಣ್ಣವರು ಬಡಿಸಬೇಕು. ಇದನ್ನು ಮೂರು ಭಾಷೆಯಲ್ಲಿ ಹೇಳಿದರು. ಈ ಸಲ ಯಾರೂ ದಣಿಯಲಿಲ್ಲ.

ಪದ್ಮನಾಭ ಮೈಕಿನ ಬಳಿಗೆ ಬಂದು, ಸ್ವಚ್ಛತೆಯ ಪ್ರಶ್ನೆ ಬರುತ್ತದಲ್ಲ ಸರ್ ಎಂದು ಪಿಸುಗುಟ್ಟಿದ.

“ಮ್ಯಾಲಿನವು ಮುಟ್ಟೇ ಇಲ್ಲರಿ ಆ ಸಣ್ಣ ಮಕ್ಕಳು. ಮ್ಯಾಲಿನವು ದೊಡ್ಡವರಿಗೆ, ಕೆಳಗಿನವು ಸಣ್ಣವರಿಗೆ,” ಎಂದರು ರಾಯರು. ಎಂಜಲಿನ ವಿಷಯದಲ್ಲಿ ಅವರ ಮನೆಯ ಕಟ್ಟುನಿಟ್ಟು ಕಬ್ಬಿಣದ್ದು. ಎಲೆಯ ಮೇಲೆ ಒಮ್ಮೆ ಬಡಿಸಿದ್ದು ಇನ್ನೊಬ್ಬರಿಗಿಲ್ಲ. ಆದರೆ ಮಕ್ಕಳು ದೇವರ ಸಮಾನ, ದೇವರ ಮುಂದೆ ಇಟ್ಟಿದ್ದು ಎಂಜಲಲ್ಲ, ಪ್ರಸಾದ ಎಂದು ರಾಯರು ಅಲ್ಲೇ ನಿಂತ ನಿಲುವಿನಲ್ಲಿ ಆದೇಶ ಹೊರಡಿಸಿದರು. ಗೋದಾಬಾಯಿಗೆ ಈ ಆದೇಶ ತಲುಪಿಸಬಾರದು ಎಂದೂ ಮನಸ್ಸಿನಲ್ಲಿ ತೀರ್ಮಾನಿಸಿದರು.

ಆಮೇಲೆ ಆ ಮೈದಾನದಲ್ಲಿ ನಡೆದದ್ದನ್ನು ಕುಷಾಯಿಗೂಡದ ಜನ ಇಂದಿಗೂ ಹೇಳಿಕೊಂಡು ನಗುತ್ತಾರೆ. ಪ್ರಜ್ವಲ ಎಲೆ ಹಿಡಿದುಕೊಂಡು ಹೋಗಿ ದೀಪ್ತಿಯ ಎದುರು ಕೂತ. ಆ ಪುಟ್ಟ ಹುಡುಗಿ ಎದ್ದು ನಿಂತು, ಕರವಸ್ತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆನ್ನು ಎಷ್ಟು ಬಗ್ಗಬೇಕೋ ಅಷ್ಟೇ ಬಗ್ಗಿ, ಎರಡು ಹೋಳಿಗೆ ಬಡಿಸಿದಳು. ಅವನು ಸಾಕು ಎಂದ. ಅವಳು ಅಜ್ಜಿಯ ಹೆಸರಿನಲ್ಲಿ ಒಂದು ಎಂದಳು. ರಾಯರ ಮುರುಕು ತೆಲುಗು, ರಾಯರ ನಗೆ, ಕೊನೆಗೆ ರಾಯರು ಸಣ್ಣಗೆ ಕೆಮ್ಮುವುದು ಕೂಡ ತಪ್ಪಲಿಲ್ಲ. ಅವನು ಕೈ ಅಡ್ಡ ಹಿಡಿದ. ಅಮ್ಮನ ಹೆಸರಿನಲ್ಲಿ ಒಂದು ಬಿತ್ತು. ಸಾಲಿನುದ್ದಕ್ಕೂ ಸಣ್ಣವರೆಲ್ಲ ಟೀಚರ ಹೆಸರಿನಲ್ಲಿ, ಚಂದಮಾಮನ ಹೆಸರಿನಲ್ಲಿ ದೊಡ್ಡವರ ಬೆನ್ನು ಹತ್ತಿದ್ದರು. ಅಳುತ್ತಿದ್ದ ಹುಡುಗ ಎಲ್ಲರಿಗಿಂತ ಜೋರಾಗಿ ಒತ್ತಾಯ ಮಾಡುತ್ತಿದ್ದ. ಬಚ್ಚಿಟ್ಟವನು ಎಲೆಯ ಕೆಳಗಿನಿಂದ ಒಂದೊಂದಾಗಿ ತೆಗೆದು ಬಡಿಸಿ ಜಾದೂ ಮಾಡಿದಂತೆ ಬೀಗುತ್ತಿದ್ದ. ಕೊನೆಗೆ ಪ್ರಜ್ವಲ ಎರಡೂ ತೋಳು ಚಾಚಿ ಎಲೆಯ ಮೇಲೆ ಅಡ್ಡ ಬಿದ್ದ.

“ಈಗ ಖರೆ,” ಎಂದು ರಾಯರು ದೀಪ್ತಿಗೆ ಸನ್ನೆ ಮಾಡಿದರು. ಅವಳು ನಿಲ್ಲಿಸಿದಳು.

ಯಾದಗಿರಿ ಸಾಹೇಬರು ಮೇಜು ಬಿಟ್ಟು ಬಂದು ಮಕ್ಕಳ ನಡುವೆ ನಿಂತರು. ಹಂಚಿಕೊಂಡು ತಿನ್ನುವುದನ್ನು ಕಲಿಸಲು ಇಷ್ಟು ಚೆಂದದ ಕಾರ್ಯಕ್ರಮ ತಾವು ಎಲ್ಲೂ ನೋಡಿಲ್ಲ, ಇದು ಯಾರ ಯೋಚನೆ ಎಂದು ಸುಮತಿ ಮೇಡಂ ಅವರನ್ನು ಕೇಳಿದರು. ಮೇಡಂ ಒಂದು ಕ್ಷಣ ರಾಯರ ಧೋತರ ನೋಡಿದರು, ಆಮೇಲೆ ಶಾಲೆಯದು ಎಂದರು. ಅಷ್ಟು ಹೇಳಿ, ರಾಯರ ಹತ್ತಿರ ಬಂದು, ಮುಂದಿನ ವರ್ಷ ನೀವು ನೀರು ಕೊಡಿ ಸಾಕು, ಆದರೆ ಬರಲೇಬೇಕು ಎಂದು ಮೆಲ್ಲಗೆ ಹೇಳಿದರು. ಪದ್ಮನಾಭ ಸಾಲುಗಳ ನಡುವೆ ಓಡಾಡಿ ಬಂದು ಲ್ಯಾಪ್‌ಟಾಪ್ ತೆರೆದ. ಸಾಹೇಬರನ್ನೂ ತನ್ನ ಮಗನನ್ನೂ ಮಧುರಾಳನ್ನೂ ಬಿಟ್ಟರೆ ಎಲ್ಲರ ಪಾಲಿಗೂ ಹೆಚ್ಚುಕಡಿಮೆ ಎರಡೆರಡೇ ಬಂದಿದ್ದವು.

“ನಾ ಆವತ್ತೇ ಆಗಲಿ ಅಂದಿದ್ದೆನಲ್ಲರಿ,” ಎಂದರು ರಾಯರು.

ಬಡಿಸಿದವರು ಕೊನೆಗೆ ಉಣ್ಣಬೇಕು. ಉಳಿದ ಅಪ್ಪಂದಿರು ನಿಂತಲ್ಲೇ ಪುಳಿಯೋಗರೆ ತಿಂದು ಮುಗಿಸಿದ್ದರು. ಪ್ರಾಣೇಶರಾಯರು ಶಾಮಿಯಾನದ ಮೂಲೆಯಲ್ಲಿ ಎಲೆ ಹಾಕಿಕೊಂಡು ಒಬ್ಬರೇ ಕೂತರು. ಬೆನ್ನು ಮುರಿದು ಬೀಳುತ್ತಿತ್ತು. ಒಂದು ಲೋಟ ನೀರು ಯಾರು ಕೊಡುತ್ತಾರೆ ಎಂದು ಅಭ್ಯಾಸದ ಮೇಲೆ ಆಚೀಚೆ ನೋಡಿದರು, ಆಮೇಲೆ ತಾವೇ ಎದ್ದು ಹೋಗಿ ತುಂಬಿಕೊಂಡು ಬಂದರು. ಬಂದು ನೋಡಿದರೆ ಎಲೆಯ ಮುಂದೆ ಮಧುರಾ ನಿಂತಿದ್ದಳು. ಕೈಯಲ್ಲಿ ಅವಳದೇ ಪತ್ರಾವಳಿ, ಅದರ ಮೇಲೆ ಹೋಳಿಗೆ. ದೀಪ್ತಿಯ ಗೆಳತಿಯರು ಅವಳಿಗೆ ಬಡಿಸಿದ್ದನ್ನೆಲ್ಲ ಹಾಗೇ ಇಟ್ಟುಕೊಂಡಿದ್ದಳು.

“ನೀ ಉಣ್ಣವಾ, ನನಗ ಸಾಕು,” ಎನ್ನುತ್ತ ರಾಯರು ಎಲೆಯ ಮುಂದೆ ಕೂತರು.

“ಇನ್ನೂ ಏನೂ ಉಂಡೇ ಇಲ್ಲ, ಸಾಕು ಅಂತಾನ,” ಎಂದಳು ಮಧುರಾ. ಬಗ್ಗಿ, ಎಲೆಯ ಮೇಲೆ ಒಂದು ಬಡಿಸಿದಳು. “ಅಜ್ಜಿ ಹೆಸರಿಲೆ ಒಂದು.”

“ಸಾಕ ಮಗಾ.”

“ಅಮ್ಮನ ಹೆಸರಿಲೆ ಒಂದು.”

ದೂರದಲ್ಲಿ ಪ್ರಜ್ವಲ ನಿಂತು ನೋಡುತ್ತಿದ್ದ. ಮಧುರಾ ಅವನ ಕಡೆ ತಿರುಗಲಿಲ್ಲ. ಇನ್ನೊಂದು ಹೋಳಿಗೆ ಎತ್ತಿಕೊಂಡಳು. ಈ ಸಲ ಇನ್ನಷ್ಟು ಬಗ್ಗಿ ಬಡಿಸಿದಳು.

“ಅಪ್ಪನ ಹೆಸರಿಲೆ ಒಂದು.”

ಮೂರು ಭಾಷೆಯಲ್ಲಿ ಭಾಷಣ ಮಾಡಿದ ಪ್ರಾಣೇಶರಾಯರಿಗೆ ಒಂದರಲ್ಲೂ ಮಾತು ಬರಲಿಲ್ಲ. ಕಣ್ಣು ತುಂಬಿ ಬಂದವು. ತಲೆ ಬಗ್ಗಿಸಿಕೊಂಡೇ ಎಲೆಯ ಮೇಲೆ ಕೈ ಅಡ್ಡ ಹಿಡಿದರು.

ಹುಡುಗಿ ಅಜ್ಜಿಯ ಶಾಸ್ತ್ರ ಬಲ್ಲವಳು. ಇನ್ನೊಂದು ಬಡಿಸಿದಳು.